ತೆಲುಗು ಪ್ರೇಮದ ಐದು ವಾರಗಳು

ಸಿನಿಮಾ ಥಿಯೇಟರಿನಲ್ಲಿ ಕೆಲಸ ಮಾಡುವವನಿಗೆ ಸಿನಿಮಾ ನೋಡುವ ಚಟ ಬೇಗ ಬಿಟ್ಟುಹೋಗುತ್ತದೆ. ಜನರನ್ನು ನೋಡುವ ಚಟ ಮಾತ್ರ ಅಂಟಿಕೊಂಡರೆ ಬಿಡುವುದಿಲ್ಲ. ಜಾಲಹಳ್ಳಿಯಿಂದ ದಾಸರಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಹಳೇ ಥಿಯೇಟರಿಗೆ ನಾನು ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್. ಫೋನ್ ಎತ್ತುವುದು, ಜಗಳ ಬಿಡಿಸುವುದು, ಬ್ಯಾಟರಿ ಹಿಡಿದು ಸೀಟು ತೋರಿಸುವುದು ಎಲ್ಲ ನನ್ನದೇ.

ನಮ್ಮಲ್ಲಿ ಒಮ್ಮೆ ಒಂದು ತೆಲುಗು ಪಿಚ್ಚರ್ ಐದು ವಾರ ಓಡಿತು. ಕಥೆ ದೊಡ್ಡದೇನಲ್ಲ. ಊರಾಚೆ ಕೇರಿಯ ಹುಡುಗ, ತಮಟೆ ಬಾರಿಸುವವರ ಮನೆಯವನು. ಊರ ಯಜಮಾನನ ಮಗಳನ್ನು ಪ್ರೀತಿಸುತ್ತಾನೆ. ಅವಳೂ ಪ್ರೀತಿಸುತ್ತಾಳೆ. ಅವಳಪ್ಪ ಮಚ್ಚು ಹಿಡಿದು ಹುಡುಕುತ್ತಾನೆ. ಪರದೆಯ ಮೇಲೆ ಇಷ್ಟೇ ನಡೆದದ್ದು. ಪರದೆಯ ಈಚೆ ನಡೆದದ್ದು ಇದಕ್ಕಿಂತ ಜಾಸ್ತಿ.

೧. ಕೊನೆಗೆ ಏನಾಗುತ್ತೆ?

ಮೊದಲ ಶನಿವಾರ ಬೆಳಿಗ್ಗೆ ಒಂದು ಫೋನ್ ಬಂತು. ಗಂಭೀರವಾದ ಗಂಡಸಿನ ದನಿ.

"ಮನೆಯವರೆಲ್ಲ ಕೂತು ನೋಡಬಹುದಾ?"

"ಧಾರಾಳವಾಗಿ ನೋಡಬಹುದು ಸರ್. ಒಳ್ಳೇ ಫ್ಯಾಮಿಲಿ ಪಿಚ್ಚರ್."

"ಬೇರೆ ಬೇರೆ ಜಾತಿ ಲವ್ ಅಂತೆ?"

"ಹೌದು ಸರ್."

"ಕೊನೆಗೆ ಏನಾಗುತ್ತೆ?"

ಕಥೆ ಹೇಳಬಾರದು ಅಂತ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಆದರೆ ಇವರು ಆರು ಸೀಟು ಅನ್ನುತ್ತಿದ್ದರು. ಗಿರಾಕಿ ಖುಷಿಯಾಗಲಿ ಅಂತ ಹೇಳಿಬಿಟ್ಟೆ. "ಏನೂ ಯೋಚನೆ ಮಾಡಬೇಡಿ ಸರ್. ಮದುವೆ ಆಗುತ್ತೆ. ಸುಖಾಂತ."

"ಹಾಗಾದ್ರೆ ಬೇಡ ಬಿಡಿ. ಮಗಳಿಗೆ ತೋರಿಸೋಣ ಅಂತಿದ್ದೆ. ಯಾರಾದ್ರೂ ಒಬ್ರು ಸತ್ತಿದ್ರೆ ಅನುಕೂಲ ಆಗ್ತಿತ್ತು" ಅಂದು ಇಟ್ಟುಬಿಟ್ಟರು.

ನಾನು ಪಾಠ ಕಲಿತೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಫೋನ್. ಎಳೇ ಹುಡುಗಿ, ಮೆಲುದನಿ. "ಸರ್, ಆ ತೆಲುಗು ಪಿಚ್ಚರ್ ಕೊನೇಲಿ ಏನಾಗುತ್ತೆ ಅಂತ ಹೇಳ್ತೀರಾ? ಆರು ಟಿಕೆಟ್ ಬೇಕಿತ್ತು."

ಈ ಸಲ ಮೋಸ ಹೋಗಬಾರದು ಅಂತ, "ತುಂಬಾ ದುಃಖ ಕಣಮ್ಮ. ಇಬ್ಬರೂ ಬೇರೆಯಾಗ್ತಾರೆ. ಹುಡುಗ ರೈಲಿಗೆ ಸಿಕ್ಕಿ ಹೋಗ್ತಾನೆ" ಅಂದೆ.

"ಅಯ್ಯೋ, ಹಾಗಾದ್ರೆ ಬೇಡ ಸರ್. ಅಪ್ಪನ್ನ ಕರ್ಕೊಂಡು ಬಂದು ತೋರಿಸೋಣ ಅಂತಿದ್ದೆ."

ಒಂದೇ ಮನೆಯ ಆರು ಸೀಟನ್ನು ಎರಡು ಸಲ ಕಳೆದುಕೊಂಡ ಮ್ಯಾನೇಜರ್ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು.

೨. ಮೀಸೆ ಯಾರದು?

ಎರಡನೇ ವಾರ ಬಿಳೀ ಅಂಗಿಯ ಐದು ಜನ ನನ್ನ ರೂಮಿಗೆ ಬಂದರು. ಕೂರಿ ಅಂದರೆ ಕೂರಲಿಲ್ಲ. ಅಂದರೆ ವಿಷಯ ಗಂಭೀರ.

"ಹುಡುಗಿ ಅಪ್ಪನ್ನ ಕೆಟ್ಟವನ ಥರ ತೋರಿಸಿದ್ದಾರೆ. ಅವನು ನಮ್ಮ ಜನ. ಪಿಚ್ಚರ್ ನಿಲ್ಲಿಸಬೇಕು" ಅಂದರು ಮುಂದಾಳು.

"ಪಿಚ್ಚರಿನಲ್ಲಿ ಎಲ್ಲೂ ಜಾತಿ ಹೆಸರು ಹೇಳಿಲ್ವಲ್ಲ ಸರ್?"

"ಹೇಳಬೇಕಾ? ಮೀಸೆ ನೋಡಿದ್ರೆ ಗೊತ್ತಾಗಲ್ವಾ?"

"ತಾವು ನೋಡಿದ್ರಾ?"

"ಪೋಸ್ಟರಿನಲ್ಲಿ ನೋಡಿದ್ವಿ."

ಇವರಿಗೆ ಟೀ ತರಿಸಿ ಕೊಡುವಷ್ಟರಲ್ಲಿ ಇನ್ನೂ ನಾಲ್ಕು ಜನ ಬಂದರು. ಅವರದೂ ಬಿಳೀ ಅಂಗಿ. ಅವರಿಗೂ ಅದೇ ಮೀಸೆಯ ಮೇಲೆ ದೂರು. ಯಜಮಾನ ತಮ್ಮ ಜನ, ಅವಮಾನ ಆಗಿದೆ ಅಂದರು. ಮೊದಲು ಬಂದವರಿಗೆ ಸಿಟ್ಟು ಬಂತು. "ನಿಮ್ಮೋರು ಹೇಗಾಗ್ತಾರ್ರೀ? ಪೋಸ್ಟರಿನಲ್ಲೇ ಇದೆಯಲ್ಲ, ಅಷ್ಟು ದೊಡ್ಡ ತೊಟ್ಟಿಮನೆ, ನಾಲ್ಕು ಜೊತೆ ಎತ್ತು. ಅವನು ನಮ್ಮೋನೇ."

"ನಮಗೇನು ಎತ್ತಿರಲಿಲ್ವಾ?"

ಅವಮಾನ ಯಾರಿಗಾಗಿದೆ ಅನ್ನುವುದಕ್ಕೆ ಕಿತ್ತಾಟ ನಡೆದದ್ದನ್ನು ನಾನು ಅವತ್ತೇ ನೋಡಿದ್ದು. ಹೊಡೆದಾಟ ಆದೀತು ಅಂತ ಹೆದರಿ, "ಒಂದು ಕೆಲಸ ಮಾಡಿ ಸರ್. ಒಂಬತ್ತು ಜನವೂ ಒಳಗೆ ಕೂತು ನೋಡಿ, ಯಾರಿಗೆ ಅವಮಾನ ಅಂತ ತೀರ್ಮಾನ ಮಾಡ್ಕೊಂಡು ಬನ್ನಿ. ಅವರ ಹೆಸರಿನಲ್ಲೇ ಮನವಿ ತಗೋತೀನಿ" ಅಂದೆ. ಒಂದೇ ಸಾಲಿನಲ್ಲಿ ಕೂರಿಸಿದೆ.

ಇಂಟರ್‌ವಲ್ಲಿನಲ್ಲಿ ಜಗಳ ಇನ್ನೂ ನಡೆಯುತ್ತಿತ್ತು. ಪಿಚ್ಚರ್ ಬಿಟ್ಟಾಗ ಒಂಬತ್ತು ಜನವೂ ಒಟ್ಟಿಗೆ ಬಂದರು. ಮುಖದಲ್ಲಿ ಶಾಂತಿ. ಕೊನೆಗೆ ಯಜಮಾನ ಮಗಳನ್ನು ಅಪ್ಪಿಕೊಂಡು ಅಳುತ್ತಾನಲ್ಲ, ಅದನ್ನು ನೋಡಿ ಇವರ ಕಣ್ಣೂ ಒದ್ದೆಯಾಗಿತ್ತು.

"ಹಾಗಾದ್ರೆ ಮನವಿ ಇಲ್ವಾ ಸರ್?"

"ಇದೆ" ಅಂದರು ಮುಂದಾಳು. ಎರಡೂ ಗುಂಪಿನವರು ಸಹಿ ಹಾಕಿದ ಒಂದೇ ಹಾಳೆ ಕೊಟ್ಟರು. ಯಜಮಾನನ ಪಕ್ಕದಲ್ಲೇ ಇದ್ದು ಕೋಳಿ ಕದ್ದು ತಿನ್ನುವ ಕಾಮಿಡಿ ಪಾತ್ರ ಎರಡೂ ಜನಕ್ಕೆ ಸೇರಿದ್ದಲ್ಲ ಅಂತ ಅದರಲ್ಲಿ ಬರೆದಿತ್ತು.

೩. ಮೂವತ್ತೊಂದು ವರ್ಷದ ಉಪ್ಪಿಟ್ಟು

ನಮ್ಮ ಬೆಳಗಿನ ಆಟಕ್ಕೆ ಇಬ್ಬರು ಹಿರಿಯರು ತಪ್ಪದೆ ಬರುತ್ತಾರೆ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ, ಒಂದೇ ಶೆಡ್ಡಿನಲ್ಲಿ, ಅಕ್ಕಪಕ್ಕದ ಮೆಷೀನಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಒಬ್ಬರು ಉದ್ದ, ಇನ್ನೊಬ್ಬರು ಗಿಡ್ಡ. ಇಬ್ಬರೂ ಯಾವಾಗಲೂ ಜೊತೆಗೇ ಇರುತ್ತಾರೆ.

ಈ ಪಿಚ್ಚರಿನ ಇಂಟರ್‌ವಲ್ಲಿನಲ್ಲಿ ಬೋಂಡಾ ತಿನ್ನುತ್ತಾ ಉದ್ದದವರು ನನ್ನನ್ನು ಕರೆದು ಹೇಳಿದರು, "ಒಳ್ಳೇ ಪಿಚ್ಚರ್ ಕಣ್ರೀ. ಜಾತಿ ಅನ್ನೋದೆಲ್ಲ ಸುಳ್ಳು ಅಂತ ಮನಸ್ಸಿಗೆ ನಾಟೋ ಹಾಗೆ ತೋರಿಸಿದ್ದಾರೆ." ಗಿಡ್ಡದವರು ತಲೆಯಾಡಿಸಿದರು. ಇಬ್ಬರೂ ಇನ್ನೊಂದೊಂದು ಬೋಂಡಾ ತಗೊಂಡರು. ಆಮೇಲೆ ಉದ್ದದವರು, "ಅಂದಹಾಗೆ, ನೀನು ಯಾವ ಜನ?" ಅಂದರು.

ಗಿಡ್ಡದವರ ಬೋಂಡಾ ಅರ್ಧದಲ್ಲೇ ನಿಂತಿತು. "ಯಾಕೋ?"

"ಸುಮ್ನೆ ಕೇಳ್ದೆ. ನಮ್ಮೋನೇ ತಾನೆ?"

ಅವರು ಹೇಳಿದರು. ಇವರೂ ಹೇಳಿದರು. ಇಬ್ಬರೂ ಒಂದೇ ಜನ ಅಲ್ಲ. ಹತ್ತಿರ ಹತ್ತಿರದ ಜನವೂ ಅಲ್ಲ.

"ಮೂವತ್ತೊಂದು ವರ್ಷ ನನ್ನ ಡಬ್ಬಿಯಿಂದ ಉಪ್ಪಿಟ್ಟು ತಿಂದಾಗ ಕೇಳ್ಲಿಲ್ಲ. ಈಗ್ಯಾಕೆ ಕೇಳ್ತೀಯ?" ಅಂದರು ಗಿಡ್ಡದವರು.

"ಈ ಪಿಚ್ಚರ್ ನೋಡೋ ತನಕ ನೆನಪೇ ಬಂದಿರ್ಲಿಲ್ಲ ಕಣೋ" ಅಂದರು ಉದ್ದದವರು, ನಿಜವಾದ ಸಂಕಟದಿಂದ.

ಸೆಕೆಂಡ್ ಹಾಫಿನಲ್ಲಿ ಅವರ ಮಧ್ಯೆ ಒಂದು ಸೀಟು ಖಾಲಿ ಇತ್ತು. ನನಗೂ ಬೇಜಾರಾಯಿತು. ಇಂಥ ಜೋಡಿ ನಮ್ಮ ಥಿಯೇಟರಿನಲ್ಲಿ ಒಡೆಯಿತಲ್ಲ ಅನ್ನಿಸಿತು. ಕ್ಲೈಮ್ಯಾಕ್ಸಿನಲ್ಲಿ ಬ್ಯಾಟರಿ ಹಿಡಿದು ಆ ಕಡೆ ಹೋದೆ. ಗಿಡ್ಡದವರು ಮೂಗು ಸೊರಸೊರ ಅನ್ನಿಸುತ್ತಿದ್ದರು. ಉದ್ದದವರು ಖಾಲಿ ಸೀಟಿನ ಮೇಲಿಂದ ಕೈ ಚಾಚಿ ಕರ್ಚೀಫು ಕೊಟ್ಟರು. ದೀಪ ಬಂದಾಗ ಆ ಸೀಟು ಖಾಲಿ ಇರಲಿಲ್ಲ.

ಹೊರಗೆ ಬಂದು ಉದ್ದದವರು ಗೆಳೆಯನ ಹೆಗಲ ಮೇಲೆ ಕೈ ಹಾಕಿ ಹೇಳಿದರು, "ಯಾವ ಜನ ಆದ್ರೇನು ಬಿಡೋ. ಆದ್ರೆ ಒಂದು ಹೇಳ್ತೀನಿ, ಆ ಉಪ್ಪಿಟ್ಟು ಒಂದು ದಿನಾನೂ ಚೆನ್ನಾಗಿರ್ಲಿಲ್ಲ. ನಮ್ಮೋನು ಅಂತ ಸುಮ್ನೆ ತಿಂದೆ."

೪. ನಮ್ಮ ಮನೆಯಲ್ಲಿ

ನನ್ನ ಹೆಂಡತಿ ವರ್ಷಕ್ಕೊಂದು ಪಿಚ್ಚರ್ ನೋಡುವವಳು. ಈ ವರ್ಷದ್ದು ಇದೇ ಆಯಿತು. ಮನೆಗೆ ಬಂದವಳು ಅಕ್ಕಿ ತೊಳೆಯುತ್ತಾ ಕೇಳಿದಳು, "ನೀವು ನನಗೋಸ್ಕರ ಯಾರ ಹತ್ರನಾದ್ರೂ ಒದೆ ತಿಂದಿದ್ದೀರಾ?"

"ನಮ್ಮದು ಒಂದೇ ಜಾತಿ, ಗೊತ್ತಿರೋ ಮನೆ. ನಿಮ್ಮಪ್ಪನೇ ಬಸ್‌ಸ್ಟ್ಯಾಂಡಿಗೆ ಬಂದು ಹಾರ ಹಾಕಿ ಕರ್ಕೊಂಡು ಹೋದ್ರು. ಯಾರು ಒದೀತಾರೆ?"

"ಹೂಂ" ಅಂದಳು. ಅಕ್ಕಿ ಇನ್ನೊಂದು ಸಲ ತೊಳೆದಳು. "ಆ ಹುಡುಗ ಅವಳಿಗೋಸ್ಕರ ಬಾವಿಗೆ ಹಾರ್ತಾನೆ. ನೀವು ನಿನ್ನೆ ಸಿಲಿಂಡರ್ ಬದಲಾಯಿಸಿ ಅಂದ್ರೆ ಸೊಂಟ ನೋವು ಅಂದ್ರಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ಸಿಲಿಂಡರ್ ಬದಲಾಯಿಸುವವನು ನಾನೇ. ಜಾತಿ ಒಂದೇ ಆದ ತಪ್ಪಿಗೆ.

೫. ಹಿಂದಿನ ಬಾಗಿಲು

ಒಂದು ಬುಧವಾರದ ಮ್ಯಾಟಿನಿ. ಇಂಟರ್‌ವಲ್ಲಿಗೆ ಐದು ನಿಮಿಷ ಇದೆ ಅನ್ನುವಾಗ ಕಾಲೇಜು ಹುಡುಗಿಯೊಬ್ಬಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಓಡಿಬಂದಳು. ಹಿಂದೆ ಒಬ್ಬ ಹುಡುಗ.

"ಅಂಕಲ್, ಹಿಂದಿನ ಬಾಗಿಲು ಎಲ್ಲಿದೆ? ಬಾಲ್ಕನಿಯಲ್ಲಿ ನಮ್ಮ ಚಿಕ್ಕಪ್ಪ ಕೂತಿದ್ದಾರೆ. ನೋಡಿದ್ರೆ ನಾನು ಸತ್ತೆ. ಅವರು ಆರ್‌.ಟಿ. ನಗರದಲ್ಲಿ ನಮ್ಮ ಜನದ ವಧು-ವರರ ಸಮಾವೇಶದ ಕಾರ್ಯದರ್ಶಿ."

ಪಾಪ ಅನ್ನಿಸಿ ದಾರಿ ತೋರಿಸಿದೆ. ಹೆಂಗಸರ ಟಾಯ್ಲೆಟ್ ಪಕ್ಕದ ಓಣಿ, ಅದರ ತುದಿಗೆ ಬಾಗಿಲು. ಚಿಲಕ ಬಿಗಿ, ಸ್ವಲ್ಪ ಎತ್ತಿ ಎಳೀಬೇಕು ಅಂತಲೂ ಹೇಳಿದೆ.

ಅವರು ಆ ಕಡೆ ಹೋದರು. ಬಾಲ್ಕನಿ ಮೆಟ್ಟಿಲಿನಿಂದ ಐವತ್ತರ ಆಸುಪಾಸಿನ ಗಂಡಸೊಬ್ಬರು ಇಳಿದು ಬಂದರು. ಜೊತೆಗೆ ಕಾಟನ್ ಸೀರೆಯ ಒಬ್ಬ ಟೀಚರಮ್ಮ. "ಸರ್, ಇಲ್ಲಿ ಹಿಂದಿನ ಬಾಗಿಲು ಇದೆಯಾ? ಕೆಳಗೆ ನಮ್ಮ ಅಣ್ಣನ ಮಗಳು ಕೂತಿದ್ದಾಳೆ. ನೋಡಿದ್ರೆ ಚೆನ್ನಾಗಿರಲ್ಲ. ನನ್ನ ಹೆಂಡತಿ ತೀರಿಕೊಂಡು ಆರು ವರ್ಷ ಆಯ್ತು, ಇವರು..." ಅಂತ ಶುರು ಮಾಡಿದರು. ನನಗೆ ಅಷ್ಟೆಲ್ಲ ವಿವರಣೆ ಬೇಕಿರಲಿಲ್ಲ.

ಸತ್ಯ ಏನು ಅಂದರೆ ನಮ್ಮ ಥಿಯೇಟರಿಗೆ ಹಿಂದಿನ ಬಾಗಿಲು ಇರುವುದು ಒಂದೇ. ಅದನ್ನು ಅವರಿಗೆ ಹೇಳಬಹುದಿತ್ತು. ನಾನು ಹೇಳಲಿಲ್ಲ. ಓಣಿಯ ಕಡೆ ಕೈ ತೋರಿಸಿ, ಸ್ವಲ್ಪ ದೂರದಲ್ಲಿ ಹಿಂದೆಯೇ ಹೋದೆ.

ಚಿಲಕ ಇನ್ನೂ ಬಿಚ್ಚಿರಲಿಲ್ಲ. ನಾಲ್ಕೂ ಜನ ಮುಖಾಮುಖಿ ನಿಂತರು.

"ಯಾರಿದು?" ಅಂದರು ಚಿಕ್ಕಪ್ಪ, ಹುಡುಗನನ್ನು ನೋಡಿ.

"ಮೊದಲು ನೀವು ಹೇಳಿ" ಅಂದಳು ಹುಡುಗಿ.

ಟೀಚರಮ್ಮ ಹುಡುಗನನ್ನು ನೋಡಿ, "ನೀನು ನಮ್ಮ ಸ್ಕೂಲಿನಲ್ಲಿ ಓದಿದವನಲ್ವಾ?" ಅಂದರು. ಅವನು ಕೈ ಕಟ್ಟಿ, "ಹೌದು ಮಿಸ್" ಅಂದ.

ಚಿಕ್ಕಪ್ಪ ಗಂಟಲು ಸರಿ ಮಾಡಿಕೊಂಡರು. "ಭಾನುವಾರ ಸಮಾವೇಶ ಇದೆ. ನಿನ್ನ ಕರ್ಕೊಂಡು ಬರ್ಲೇಬೇಕು ಅಂತ ನಿಮ್ಮಪ್ಪ ಹೇಳಿದ್ದಾನೆ."

"ನೀವು ಹೋಗ್ತೀರಾ ಚಿಕ್ಕಪ್ಪ?"

ಅವರು ಟೀಚರಮ್ಮನ ಕಡೆ ನೋಡಿದರು. "ಭಾನುವಾರ ನನಗೆ ಹುಷಾರಿರಲ್ಲ ಅನ್ಸುತ್ತೆ."

"ನನಗೂ ಇರಲ್ಲ" ಅಂದಳು ಹುಡುಗಿ.

ನಾಲ್ಕೂ ಜನ ವಾಪಸ್ ಹೋಗಿ ಬಾಲ್ಕನಿಯಲ್ಲಿ ಒಟ್ಟಿಗೆ ಕೂತು ಉಳಿದ ಪಿಚ್ಚರ್ ನೋಡಿದರು. ಭಾನುವಾರ ಹುಷಾರಿಲ್ಲದ ಇಬ್ಬರೂ ಜೊತೆಯವರೊಂದಿಗೆ ಮತ್ತೆ ಬಂದರು. ಈ ಸಲ ಮುಂದಿನ ಬಾಗಿಲಿನಿಂದ.

೬. ಕಿವಿಯಲ್ಲಿ ಹೇಳಿದ್ದು

ಐದನೇ ವಾರ ಶೆಟ್ಟಿಹಳ್ಳಿಯ ಒಬ್ಬ ಯುವಕ ನನ್ನನ್ನು ಹುಡುಕಿಕೊಂಡು ಬಂದ. ಹಳೇ ಮನೆತನ. ಒಂದು ಕಾಲಕ್ಕೆ ಊರಿನ ಅರ್ಧ ಜಮೀನು ಅವರದೇ ಇತ್ತಂತೆ. ಅವನಿಗೆ ಪೀಣ್ಯದ ತನ್ನ ಕಂಪನಿಯಲ್ಲೇ ಕೆಲಸ ಮಾಡುವ ತೆಲುಗು ಹುಡುಗಿಯ ಮೇಲೆ ಪ್ರೀತಿ. ಅವಳ ಮನೆಯವರು ಹಿಂದೂಪುರದ ಆಚೆಯ ಹಳ್ಳಿಯವರು, ಪಿಚ್ಚರಿನ ಹುಡುಗನ ಥರ ಊರಾಚೆ ಕೇರಿಯ ಜನ. ಇವನ ಮನೆಯಲ್ಲಿ ಎಲ್ಲಕ್ಕೂ ಅಜ್ಜಿಯ ಮಾತೇ ಕೊನೆ.

"ಈ ಪಿಚ್ಚರ್ ತೋರಿಸಿ ಅಜ್ಜಿ ಮನಸ್ಸು ಮೆತ್ತಗೆ ಮಾಡ್ಬೇಕು ಸರ್. ಆದ್ರೆ ಅಜ್ಜಿಗೆ ತೆಲುಗು ಬರಲ್ಲ. ಅಜ್ಜಿ ಸೀಟಿನ ಹಿಂದೇನೇ ಅವಳಿಗೊಂದು ಸೀಟು ಕೊಡಿ. ಯಾರೋ ಗೊತ್ತಿಲ್ಲದ ಹುಡುಗಿ ಥರ ಕೂತು, ಕನ್ನಡದಲ್ಲಿ ಹೇಳ್ತಾ ಹೋಗ್ತಾಳೆ."

ನಾನು ಒಪ್ಪಿದೆ. ಭಾನುವಾರ ಬೆಳಿಗ್ಗೆ ಹದಿಮೂರು ಜನರ ಕುಟುಂಬ ಒಂದಿಡೀ ಸಾಲು ಹಿಡಿಯಿತು. ನಡುವೆ ಎಂಬತ್ತು ದಾಟಿದ ಅಜ್ಜಿ, ಮೂಗುತಿ, ಗಟ್ಟಿ ಮೊಗ. ಹಿಂದೆ ಹುಡುಗಿ.

ಅಜ್ಜಿಗೆ ಕಿವಿ ಮಂದ ಅನ್ನುವುದನ್ನು ಮೊಮ್ಮಗ ಹೇಳಿರಲಿಲ್ಲ. ಹುಡುಗಿಯ ಪಿಸುಮಾತು ಸುತ್ತಲಿನ ನಾಲ್ಕು ಸಾಲಿಗೆ ಕೇಳುತ್ತಿತ್ತು. ನಾನು ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ. ಇಷ್ಟು ವರ್ಷ ತೆಲುಗು ಪಿಚ್ಚರ್ ಓಡಿಸಿ ನನಗೆ ತೆಲುಗು ಚೆನ್ನಾಗಿ ಅರ್ಥವಾಗುತ್ತದೆ.

ಮೊದಲ ಅರ್ಧ ಗಂಟೆ ಎಲ್ಲ ಸರಿಯಾಗಿಯೇ ಹೇಳಿದಳು. ಆಮೇಲೆ ಯಜಮಾನ ಹುಡುಗನ ಅಪ್ಪನನ್ನು ಅಂಗಳದ ಆಚೆ ನಿಲ್ಲಿಸಿಕೊಂಡು ಬಯ್ಯುವ ದೃಶ್ಯ ಬಂತು. ಜಾತಿ ಎತ್ತಿ, ತಮಟೆ ಎತ್ತಿ, ಮೂರು ನಿಮಿಷ ಬಯ್ಯುತ್ತಾನೆ. ಹುಡುಗಿ ಅನುವಾದ ನಿಲ್ಲಿಸಿಬಿಟ್ಟಳು.

"ಏನಂತಾನೆ ಅವ್ನು?" ಅಂದರು ಅಜ್ಜಿ.

"ಅದು... ಮಳೆ ಬೆಳೆ ಹೇಗಿದೆ ಅಂತ ಕೇಳ್ತಿದ್ದಾರೆ ಅಜ್ಜಿ."

"ಅಷ್ಟು ಜೋರಾಗಾ?"

"ಅವರ ದನೀನೇ ಹಾಗಂತೆ."

ಹಿಂದಿನ ಸಾಲಿನಲ್ಲಿ ತೆಲುಗು ಗೊತ್ತಿದ್ದ ನಾಲ್ಕು ಜನ ಕಿಸಕ್ಕನೆ ನಕ್ಕರು. ಅಲ್ಲಿಂದ ಮುಂದೆ ಹುಡುಗಿಯ ಪಿಚ್ಚರೇ ಬೇರೆಯಾಯಿತು. ಯಜಮಾನ ಬಾಗಿಲು ಹಾಕಿದರೆ "ಸೊಳ್ಳೆ ಬರುತ್ತೆ ಅಂತ" ಅಂದಳು. ಮಗಳ ಕೆನ್ನೆಗೆ ಹೊಡೆದಾಗ "ಹಲ್ಲುನೋವಂತೆ" ಅಂದಳು. ಕೊನೆಗೆ ಅವನು ಗೋಡೆಯಿಂದ ಮಚ್ಚು ತೆಗೆದು ಅಬ್ಬರಿಸುತ್ತಾ ಹೊರಟ.

"ಈಗೇನಂತೆ?"

"ಮದುವೆಗೆ ಒಪ್ಕೊಂಡ್ರಂತೆ ಅಜ್ಜಿ."

"ಒಪ್ಕೊಂಡ್ರೆ ಮಚ್ಚು ಯಾಕಮ್ಮಾ?"

"ಚಪ್ಪರಕ್ಕೆ ಸೊಪ್ಪು ಕಡೀಬೇಕಲ್ಲ ಅಜ್ಜಿ."

ನಾಲ್ಕು ಸಾಲು ಬಿದ್ದು ಬಿದ್ದು ನಕ್ಕಿತು. ದೂರ ಕೂತವರು, ಇಷ್ಟು ಭಯಂಕರ ಸೀನಿಗೆ ನಗ್ತಾರಲ್ಲ, ಎಂಥ ಜನ ಅಂತ ನನ್ನ ಹತ್ತಿರ ದೂರು ಹೇಳಿದರು. ಅಜ್ಜಿ ಮಾತ್ರ ನಗಲಿಲ್ಲ. ಪಿಚ್ಚರ್ ಬಿಟ್ಟ ಮೇಲೆ ಹುಡುಗಿಯ ಕೈ ಹಿಡಿದು, "ಚೆಂದಾಗಿ ಯೋಳ್ದೆ ಕಣವ್ವ. ಬರೋ ಭಾನುವಾರ ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ನಮ್ಮನೆಗೆ ಬಾ" ಅಂದು ನಡೆದುಬಿಟ್ಟರು. ಮೊಮ್ಮಗ ನನ್ನ ಮುಖ ನೋಡಿದ. ಅವನು ಅಜ್ಜಿಗೆ ಇನ್ನೂ ಏನೂ ಹೇಳಿಯೇ ಇರಲಿಲ್ಲ.

ಆ ಭಾನುವಾರ ನನ್ನನ್ನೂ ಕರೆದ. ಎರಡು ಭಾಷೆ ಬಲ್ಲವರು ಒಬ್ಬರು ಇರಲಿ, ಏನಾದರೂ ಹೆಚ್ಚುಕಡಿಮೆ ಆದರೆ ಸಮಾಧಾನ ಮಾಡಲಿ ಅಂತ. ಹೋಗಿ ನಡುಮನೆಯಲ್ಲಿ ಕೂತೆ. ಹುಡುಗಿಯ ಜೊತೆ ಅವಳಪ್ಪ ಮಾತ್ರ ಬಂದಿದ್ದರು, ಅಮ್ಮ ಬಂದಿರಲಿಲ್ಲ. ಅಪ್ಪ ಹದಿನೆಂಟು ವರ್ಷ ಪೀಣ್ಯದಲ್ಲಿ ದುಡಿದವರು. ಕನ್ನಡ ನನ್ನಷ್ಟೇ ಬರುತ್ತದೆ. ಆದರೆ ಬಾಗಿಲು ದಾಟಿ ಒಳಗೆ ಬರಲಿಲ್ಲ, ಹೊಸಿಲ ಆಚೆಯೇ ನಿಂತು ಮಗಳಿಗೆ ತೆಲುಗಿನಲ್ಲಿ ಹೇಳಿದರು. "ಇಂಥ ಮನೆಗಳ ಅಂಗಳದಲ್ಲಿ ನಮ್ಮಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಿಂತದ್ದನ್ನು ನೋಡಿದ್ದೇನೆ, ಇವರ ಮನೆಯ ನೀರೂ ನನಗೆ ಬೇಡ, ನಡಿ ಹೋಗೋಣ" ಅಂತ. ಅಜ್ಜಿಗೂ ಕೇಳುವಷ್ಟು ಜೋರಾಗಿಯೇ ಹೇಳಿದರು.

ಮನೆಯವರೆಲ್ಲ ಹುಡುಗಿಯ ಮುಖ ನೋಡಿದರು. "ಏನಂತಾರೆ?" ಅಂದರು ಅಜ್ಜಿ.

ಹುಡುಗಿ ನಡುಮನೆಯ ಸುತ್ತ ಕಣ್ಣಾಡಿಸಿದಳು. "ಮನೆ ತುಂಬಾ ಚೆನ್ನಾಗಿದೆ ಅಂತಾರೆ ಅಜ್ಜಿ."

ಅಪ್ಪ ಮಗಳನ್ನು ದುರುಗುಟ್ಟಿ ನೋಡಿದರು. ಅಜ್ಜಿ ಕೋಲೂರಿ ಎದ್ದರು. ಬಾಗಿಲಿಗೆ ಹೋಗಿ ಅವರ ಕೈ ಹಿಡಿದುಕೊಂಡರು. "ಲೋಪಲಿಕಿ ರಾ ನಾಯನಾ. ಮುಂದು ಕಾಫಿ ತಾಗು. ತರ್ವಾತ ತಿಡುದುವು ಗಾನಿ" ಅಂದರು. ಒಳಗೆ ಬಾರಪ್ಪ, ಮೊದಲು ಕಾಫಿ ಕುಡಿ, ಬಯ್ಯೋದು ಆಮೇಲೆ ಇದ್ದೇ ಇದೆ ಅಂತ. ಅಚ್ಚ ತೆಲುಗು.

"ಅಜ್ಜಿ, ನಿನಗೆ ತೆಲುಗು ಬರುತ್ತಾ?" ಅಂದ ಮೊಮ್ಮಗ.

"ನಾನ್ ಉಟ್ಟಿದ್ದು ಬಾಗೇಪಲ್ಲಿ ಕಡೆ ಕಣ್ಲಾ. ಈ ಮನೆಗೆ ಬಂದಾಗ ನಮ್ಮತ್ತೆ, ಇಲ್ಲಿ ಕನ್ನಡ ಮಾತ್ರ ಅಂದ್ಲು. ಬಿಟ್ಟೆ. ನೀವ್ಯಾರೂ ಕೇಳ್ಲಿಲ್ಲ, ನಾನೂ ಯೋಳ್ಲಿಲ್ಲ."

"ಹಾಗಾದ್ರೆ ಪಿಚ್ಚರಲ್ಲಿ ಅವನು ಬೈದಿದ್ದೆಲ್ಲ..."

"ಎಲ್ಲಾ ಗೊತ್ತಾಯ್ತು. ನೀನು ಪಿಚ್ಚರ್ ಬಿಟ್ಟು ಇವಳನ್ನೇ ತಿರ್ಗಿ ತಿರ್ಗಿ ನೋಡ್ತಿದ್ದಾಗ್ಲೇ ಇವಳ್ಯಾರು ಅಂತಾನೂ ಗೊತ್ತಾಯ್ತು. ಅಂಥ ಮಾತು ಈ ಮನೇಲೂ ಆಡವ್ರೆ, ನಾನೂ ಆಡಿವ್ನಿ. ಈ ಮಗೀಗೆ ಅದನ್ನ ಬಾಯಿಬಿಟ್ಟು ಯೋಳಕ್ಕಾಗ್ಲಿಲ್ಲ. ಇವಳು ಕಿವೀಲಿ ಯೋಳಿದ್ ಪಿಚ್ಚರೇ ಚೆಂದಾಗಿತ್ತು. ಅದ್ರಲ್ಲಿ ಯಾರೂ ಯಾರ್ನೂ ಬಯ್ಯಾಕಿಲ್ಲ."

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅವಳಪ್ಪ ಹೊಸಿಲ ಆಚೆ ಚಪ್ಪಲಿ ಬಿಟ್ಟರು. ಆಮೇಲೆ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಅಜ್ಜಿ ತಮ್ಮ ಕೈಯಿಂದಲೇ ಲೋಟ ಕೊಟ್ಟರು. ಅವರು ಒಂದು ಗುಟುಕು ಕುಡಿದರು. ಮುಖ ಕಿವುಚಿ ಮಗಳ ಕಡೆ ತಿರುಗಿ, "ಚಕ್ಕೆರ ತಕ್ಕುವ" ಅಂದರು. ಸಕ್ಕರೆ ಕಮ್ಮಿ ಅಂತ.

ಅಜ್ಜಿ ಹುಡುಗಿಯನ್ನು ನೋಡಿದರು. "ಯಾಕವ್ವ ಸುಮ್ಗಾದೆ? ನಿಮ್ಮಪ್ಪ ಏನಂದ್ರು, ಯೋಳು."

ಹುಡುಗಿ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಬಾಗಿಲ ಹತ್ತಿರ ಬೆವರುತ್ತಾ ನಿಂತ ನಮ್ಮ ಹುಡುಗನನ್ನು ನೋಡಿದಳು.

"ಒಪ್ಕೊಂಡ್ರಂತೆ ಅಜ್ಜಿ."

ಅನುವಾದ ತಪ್ಪು ಅಂತ ಆ ಕೋಣೆಯಲ್ಲಿ ಹುಡುಗಿಯನ್ನು ಬಿಟ್ಟು ಮೂರು ಜನಕ್ಕೆ ಗೊತ್ತಿತ್ತು. ಅಜ್ಜಿ ತಿದ್ದಲಿಲ್ಲ, ನಾನು ತಿದ್ದಲಿಲ್ಲ. ಹುಡುಗಿಯ ಅಪ್ಪನೂ ತಿದ್ದಲಿಲ್ಲ, ಸಕ್ಕರೆ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಎರಡು ಚಮಚ ಹಾಕಿಕೊಂಡರು.